ಇಪ್ಪತ್ತಡಿ ಪರದೆಯ ಮುರುಕು ನಮಸ್ಕಾರ

ಪುಟ್ಟಿ,

ಗುರುವಾರ ರಾತ್ರಿ ನೀನು ಫೋನ್ ಮಾಡಿ "ಹೇಗಿತ್ತಮ್ಮಾ ಲಾಂಚು?" ಅಂದಾಗ "ಹೂಂ, ಆಯ್ತು" ಅಂತ ಹೇಳಿ ಸುಮ್ಮನಾಗಿಬಿಟ್ಟೆ. ಕಾಲು ನೋಯುತ್ತಿತ್ತು. ಹೊಟ್ಟೆಯೂ ಉರಿಯುತ್ತಿತ್ತು. ಆಮೇಲೆ ನೀನು ಇನ್ನೊಂದು ಕೇಳಿದೆ. ಕಾಲೇಜಿನ ಪ್ರಾಜೆಕ್ಟ್ ಡೆಮೊ ಲೈವ್ ಬೇಡ, ಮೊದಲೇ ವಿಡಿಯೋ ಮಾಡಿಟ್ಟು ಹಾಕಿಬಿಡ್ಲಾ ಅಂತ. ಅದಕ್ಕೂ "ನೋಡೋಣ" ಅಂದೆ. ಈಗ ಭಾನುವಾರ ಬೆಳಗ್ಗೆ, ಅಪ್ಪ ಸೊಪ್ಪು ತರಲು ಹೋಗಿದ್ದಾರೆ. ಎರಡಕ್ಕೂ ಸೇರಿಸಿ ಉತ್ತರ ಬರೆಯುತ್ತೇನೆ.

ಕಂಪನಿಯ ಹೆಸರು ಇಲ್ಲಿ ಬೇಡ. ನಿನಗೆ ಗೊತ್ತೇ ಇದೆ. ಹತ್ತು ವರ್ಷದಿಂದ ನಮ್ಮ ಆಫೀಸು ಸಾಫ್ಟ್‌ವೇರ್ ಬರೆಯೋಕೆ ಅವರ ಟೂಲನ್ನೇ ನೆಚ್ಚಿಕೊಂಡು ಕೂತಿದೆ. ಹಳೇ ಆವೃತ್ತಿಗೆ ಇನ್ನು ಸಪೋರ್ಟ್ ಇಲ್ಲ ಅಂತ ಹೋದ ವರ್ಷವೇ ಮೇಲ್ ಬಂದಿತ್ತು. ಹೊಸದರ ಬಿಡುಗಡೆಗೆ ಆಹ್ವಾನ ಬಂದಾಗ ಅದರಲ್ಲಿ ಮೂರು ಸಾಲು ದಪ್ಪ ಅಕ್ಷರದಲ್ಲಿದ್ದವು. ಡೆವಲಪರ್‌ಗಳಿಗಾಗಿಯೇ ನಡೆಸುವ ಕಾರ್ಯಕ್ರಮ. ಎಲ್ಲ ಡೆಮೊ ಲೈವ್. ಭಾರತದ 22 ಭಾಷೆಗಳಿಗೂ ಸಪೋರ್ಟ್. ನಾನು ಬಿದ್ದಿದ್ದು ಮೂರನೆಯದಕ್ಕೆ.

ನಾವು ಮಾಡುವುದು ಹಳ್ಳಿ ಡೇರಿಗಳ ಸಾಫ್ಟ್‌ವೇರ್. ಬೆಳಗ್ಗೆ ಆರು ಗಂಟೆಗೆ ಹಾಲು ಹಾಕಿದವರ ಕೈಗೆ ಒಂದು ಚೀಟಿ ಬರಬೇಕು. ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ಎಸ್ಎನ್ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ), ಎಷ್ಟು ರೂಪಾಯಿ. ಮೇಲೆ ಅವರ ಹೆಸರು, ಕೆಳಗೆ 'ಕಾರ್ಯದರ್ಶಿ'. ಅದರ ಹಳೇ ಡೇಟಾ ಎಲ್ಲ, ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಕೊಡುವ ಯೂನಿಕೋಡ್‌ಗಿಂತ ಮುಂಚಿನ ಫಾಂಟ್‌ಗಳದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಅನ್ನೋ ಪದ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ ಆಗಿ ಕಾಣುತ್ತೆ. ನೀನು ಚಿಕ್ಕವಳಿದ್ದಾಗ ನನ್ನ ಸ್ಕ್ರೀನ್ ನೋಡಿ "ಅಮ್ಮಾ, ಕಂಪ್ಯೂಟರ್ ಬೈತಾ ಇದೆ" ಅಂದಿದ್ದೆ. ಅದನ್ನೆಲ್ಲ ಯೂನಿಕೋಡಿಗೆ ತಂದಿದ್ದಾಯಿತು. ಆದರೆ ಪಿಡಿಎಫ್ ಮಾಡಿದ ಕೂಡಲೇ ಒತ್ತಕ್ಷರ ಒಡೆದುಹೋಗುತ್ತೆ. ಹೊಸ ಟೂಲಿನಲ್ಲಿ ಅದು ಸರಿಯಾಗಿದೆಯಾ? ನನಗೆ ಬೇಕಿದ್ದದ್ದು ಇದೊಂದೇ ಉತ್ತರ. ಅದಕ್ಕೆ ಒಂದು ದಿನ ರಜೆ, ಪಾಸಿಗೆ ಆಫೀಸಿನ ದುಡ್ಡು.

ವಿಜಯನಗರದಲ್ಲಿ ಮೆಟ್ರೋ ಹತ್ತಿದವಳು ಬೈಯಪ್ಪನಹಳ್ಳಿವರೆಗೂ ನಿಂತೇ ಹೋದೆ. ವೈಟ್‌ಫೀಲ್ಡ್ ಕಡೆಯ ದೊಡ್ಡ ಹೋಟೆಲು. ಎಂಟೂವರೆಗೆ ಬನ್ನಿ ಅಂದಿದ್ದರು, ಶುರುವಾಗಿದ್ದು ಹತ್ತೂಕಾಲಿಗೆ. ಮೊದಲು ದೀಪ ಬೆಳಗಿಸುವುದು. ಎಸಿ ಗಾಳಿಗೆ ಬತ್ತಿ ಹತ್ತಲೇ ಇಲ್ಲ. ಸೂಟು ಹಾಕಿದ ಐದು ಜನ ಒಂದು ಮೇಣದಬತ್ತಿಯ ಸುತ್ತ ಕೈ ಅಡ್ಡ ಹಿಡಿದು ನಿಂತರು. ಅವತ್ತಿನ ಒಂದೇ ಒಂದು ಲೈವ್ ಡೆಮೊ ಅದು ಅಂತ ಆಗ ನನಗೆ ಗೊತ್ತಿರಲಿಲ್ಲ.

ಆಮೇಲೆ ಭಾಷಣ. ಕಂಪನಿ ಎಷ್ಟು ದೇಶದಲ್ಲಿದೆ, ಯಾವ ಯಾವ ಬ್ಯಾಂಕು ಅವರ ಗಿರಾಕಿ, ಎಐ ಬಂದ ಮೇಲೆ ಜಗತ್ತು ಹೇಗಾಗುತ್ತೆ. ಇದು ಮ್ಯಾನೇಜರ್‌ಗಳಿಗೆ ಮಾಡಿದ ಭಾಷಣ. ಕೂತಿದ್ದ ನಾವೆಲ್ಲ ಕೋಡ್ ಬರೆಯುವವರು. ಒಂದೂವರೆ ಗಂಟೆಯಲ್ಲಿ ಒಂದು ಸಾಲು ಕೋಡ್ ಕಾಣಲಿಲ್ಲ.

ಆಗ ಬಂತು ನೋಡು ಭಾಷೆಗಳ ಸ್ಲೈಡು. ಇಪ್ಪತ್ತಡಿ ಪರದೆ. 22 ಭಾಷೆಯಲ್ಲಿ ನಮಸ್ಕಾರ. ಜನ ಚಪ್ಪಾಳೆ ತಟ್ಟಿದರು. ನಾನು ಕನ್ನಡ ಎಲ್ಲಿದೆ ಅಂತ ಹುಡುಕಿದೆ. ಎಡಗಡೆ ಮೂಲೆಯಲ್ಲಿ, ಒಬ್ಬ ಆಳಿನಷ್ಟು ಉದ್ದಕ್ಕೆ, 'ನಮಸ್‌ಕಾರ' ಅಂತ ಇತ್ತು. ಸ ಬೇರೆ, ಕಾ ಬೇರೆ. ಸ ಕೆಳಗೆ ಒತ್ತಿನ ಜಾಗ ಖಾಲಿ.

ಇದು ಯಾಕಾಗುತ್ತೆ ಅಂತ ನಿನಗೆ ಹೇಳಬೇಕು, ನಿನ್ನ ಪ್ರಾಜೆಕ್ಟಿನಲ್ಲೂ ಕನ್ನಡ ಇದೆಯಲ್ಲ. ಕಂಪ್ಯೂಟರಿಗೆ 'ಸ್ಕಾ' ಅಂದರೆ ಒಂದು ಅಕ್ಷರ ಅಲ್ಲ, ನಾಲ್ಕು ಸಂಕೇತ. ಸ, ಅರ್ಧ ಮಾಡುವ ಗುರುತು, ಕ, ದೀರ್ಘ. ಈ ನಾಲ್ಕನ್ನೂ ನೋಡಿ, ದೀರ್ಘವನ್ನು ಸಕ್ಕೆ ಅಂಟಿಸಿ, ಕ-ವನ್ನು ಚಿಕ್ಕದು ಮಾಡಿ ಕೆಳಗೆ ಕೂರಿಸುವ ಕೆಲಸಕ್ಕೆ ಶೇಪಿಂಗ್ ಅಂತಾರೆ. ಅದಕ್ಕೆ ಬೇರೆಯದೇ ಎಂಜಿನ್ ಬೇಕು. ಹಾರ್ಫ್‌ಬಝ್ ಅಂತ ಒಂದಿದೆ, ಪುಕ್ಕಟೆ ಸಿಗುತ್ತೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರೊಳಗೂ ಅದೇ ಇರುವುದು. ಅದನ್ನು ಜೋಡಿಸದೆ ಸಂಕೇತಗಳನ್ನು ಸುಮ್ನೆ ಸಾಲಾಗಿ ನಿಲ್ಲಿಸಿದರೆ 'ನಮಸ್‌ಕಾರ' ಆಗುತ್ತೆ. ಯೂನಿಕೋಡಿನ ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ. ಕನ್ನಡ ಅದರಲ್ಲೇ ಇತ್ತು. ಮೂವತ್ತು ವರ್ಷ ದಾಟಿದ ಮೇಲೂ ಸ್ಲೈಡ್ ಮಾಡಿದವರಿಂದ ಹಿಡಿದು ವೇದಿಕೆ ಮೇಲಿದ್ದವರವರೆಗೆ ಒಬ್ಬರಿಗೂ ಅದು ಕಣ್ಣಿಗೆ ಬೀಳಲಿಲ್ಲ. ಬೆಂಗಳೂರಿನಲ್ಲಿ!

ನನಗೆ ಅವಮಾನಕ್ಕಿಂತ ಜಾಸ್ತಿ ಆಗಿದ್ದು ಗಾಬರಿ. ಸ್ಲೈಡೇ ಹೀಗಿದ್ದರೆ ಟೂಲು ಹೇಗಿರಬೇಡ?

ಆಮೇಲೆ 'ಲೈವ್' ಡೆಮೊ. ಒಬ್ಬ ಹುಡುಗ ಬಂದ, ಚೆನ್ನಾಗಿ ಮಾತಾಡುತ್ತಿದ್ದ. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ನೀರಿನ ಬಾಟಲಿ. ಪರದೆ ಮೇಲೆ ಮಾತ್ರ ಕೋಡ್ ತಾನೇ ತಾನಾಗಿ ಟೈಪ್ ಆಗುತ್ತಾ ಹೋಯಿತು. ಪಕ್ಕದಲ್ಲಿ ಕೂತಿದ್ದ ಹುಬ್ಬಳ್ಳಿಯವರೊಬ್ಬರು ನನ್ನ ಕಡೆ ವಾಲಿ, "ಗಡಿಯಾರ ನೋಡ್ರಿ ಮೇಡಂ, ಅವರಿಗೆ ಆಗ್ಲೇ ಸಂಜಿ ಆಗೇತಿ" ಅಂದರು. ನೋಡಿದೆ. ಪರದೆಯ ಕೆಳಮೂಲೆಯಲ್ಲಿ ಸಂಜೆ 6:40. ನನ್ನ ವಾಚಿನಲ್ಲಿ ಬೆಳಗ್ಗೆ 11:50. ರೆಕಾರ್ಡ್ ಮಾಡಿದ ವಿಡಿಯೋ! ನಗು ತಡೆಯೋಕೆ ಆಗಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಡೆಮೊ ಅಂದರೆ ಎದೆ ಹೊಡೆದುಕೊಳ್ಳುವುದು ಎಲ್ಲರಿಗೂ ಇದ್ದದ್ದೇ. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಕಂಪ್ಯೂಟರ್ ಮೇಳದಲ್ಲಿ ವಿಂಡೋಸ್ 98 ತೋರಿಸುತ್ತಿದ್ದರು. ಸ್ಕ್ಯಾನರ್ ವೈರ್ ಚುಚ್ಚಿದ ಕೂಡಲೇ ಸಿಸ್ಟಮ್ ಕುಸಿದು ನೀಲಿ ಪರದೆ ಬಂತು. ವೇದಿಕೆ ಮೇಲೆ ಸ್ವತಃ ಬಿಲ್ ಗೇಟ್ಸ್. ಇದಕ್ಕೇ ನೋಡಿ ಇದನ್ನಿನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಅನ್ನೋ ಅರ್ಥದಲ್ಲಿ ಏನೋ ಹೇಳಿ ನಕ್ಕುಬಿಟ್ಟರು, ಸಭೆಯೂ ನಕ್ಕಿತು. ಎರಡು ತಿಂಗಳಲ್ಲಿ ಅದು ಅಂಗಡಿಗೆ ಬಂತು, ಜನ ಕೊಂಡರು. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮೊದಲ ಐಫೋನ್ ತೋರಿಸಿದಾಗ ಅದು ಇನ್ನೂ ಅರ್ಧಂಬರ್ಧ. ಮೊದಲು ಮೇಲ್ ಕಳಿಸಿ ಆಮೇಲೆ ಬ್ರೌಸರ್ ತೆರೆದರೆ ಸರಿ, ಉಲ್ಟಾ ಮಾಡಿದರೆ ಕೈಕೊಡುವ ಸ್ಥಿತಿ. ಅದಕ್ಕೇ ಯಾವುದಾದ ಮೇಲೆ ಯಾವುದು ಅಂತ ಉರು ಹೊಡೆದಿದ್ದರಂತೆ. ಅಲ್ಲೂ ಕೈಚಳಕ ಇತ್ತು ಅನ್ನು. ಆದರೆ ಫೋನು ಕೈಯಲ್ಲಿತ್ತು, ಒತ್ತುತ್ತಿದ್ದದ್ದು ಅವರದೇ ಬೆರಳು. ಇನ್ನೂ ಹಿಂದೆ ಹೋದರೆ, 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ 90 ನಿಮಿಷ ಕೂತು ಮೌಸು, ಲಿಂಕು, ವಿಡಿಯೋ ಕರೆ ಎಲ್ಲ ತೋರಿಸಿದ. ಕಂಪ್ಯೂಟರ್ ಇದ್ದದ್ದು ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿ. ಆ ಕಾಲದ ಸಂಪರ್ಕವನ್ನು ನಂಬಿಕೊಂಡು! ನಮ್ಮವರಿಗೆ ಐದು ನಿಮಿಷಕ್ಕೆ ಒಂದು ಲ್ಯಾಪ್‌ಟಾಪ್ ನಂಬಲು ಆಗಲಿಲ್ಲ.

ಪ್ರಶ್ನೆ ಬರೆದುಕೊಡಿ ಅಂತ ಹಳದಿ ಚೀಟಿ ಹಂಚಿದರು. 'ಪಿಡಿಎಫ್‌ನಲ್ಲಿ ಕನ್ನಡ ಒತ್ತಕ್ಷರ ಸರಿ ಬರುತ್ತಾ?' ಅಂತ ಬರೆದು ಡಬ್ಬಿಗೆ ಹಾಕಿದೆ. ನಿರೂಪಕಿ ಮೂರು ಪ್ರಶ್ನೆ ಓದಿದಳು. ಮೂರನ್ನೂ ಓದಿದ್ದು ಪ್ರಿಂಟ್ ತೆಗೆದ ಬಿಳಿ ಹಾಳೆಯಿಂದ. ಹಳದಿ ಚೀಟಿಯ ಡಬ್ಬಿ ಹೂಕುಂಡದ ಪಕ್ಕ ಹಾಗೇ ಇತ್ತು.

ಊಟದ ಸಾಲಿನಲ್ಲಿ ಹುಬ್ಬಳ್ಳಿಯವರು ಮತ್ತೆ ಸಿಕ್ಕರು. ಸೊಸೈಟಿಗಳಿಗೆ ಸಾಲದ ಪಾಸ್‌ಬುಕ್ ಸಾಫ್ಟ್‌ವೇರ್ ಮಾಡುತ್ತಾರಂತೆ. "ಇದಕ್ಕ ರಾತ್ರಿ ಬಸ್ಸಿನ್ಯಾಗ ನಿದ್ದಿಗೆಟ್ಟು ಬಂದೆ ನೋಡ್ರಿ" ಅಂತ ಪೇಚಾಡಿಕೊಂಡರು. ನನ್ನ ತೊಂದರೆ ಹೇಳಿದೆ. ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಲೇ ಉಪಾಯ ಹೇಳಿಕೊಟ್ಟರು. ಪಿಡಿಎಫ್ ಮಾಡೋಕೆ ಈ ಟೂಲನ್ನು ಬಿಟ್ಟುಬಿಡಿ. ಚೀಟಿಯನ್ನು ವೆಬ್ ಪೇಜ್ ಥರ ಮಾಡಿ, ಕಿಟಕಿ ತೆರೆಯದ ಹಾಗೆ ಹಿಂದೆಯೇ ಕ್ರೋಮ್ ಓಡಿಸಿ, ಅದರಿಂದಲೇ ಪಿಡಿಎಫ್ ತೆಗೆಯಿರಿ. ಶೇಪಿಂಗ್ ಅದೇ ನೋಡಿಕೊಳ್ಳುತ್ತೆ. ಸ್ವಲ್ಪ ನಿಧಾನ, ಮೆಮೊರಿ ಜಾಸ್ತಿ ತಿನ್ನುತ್ತೆ, ಅಷ್ಟೇ. ಟಿಶ್ಯೂ ಪೇಪರಿನ ಮೇಲೆ ಬರೆದುಕೊಂಡೆ. ಪಾಸಿನ ದುಡ್ಡು ಅಲ್ಲಿಗೆ ಹುಟ್ಟಿತು.

ಆದರೂ ಸಮಾಧಾನ ಆಗಲಿಲ್ಲ. ಹೊರಗಡೆ ಸ್ಟಾಲಿನಲ್ಲಿ ಹೊಸ ಟೂಲು ಹಾಕಿದ ಲ್ಯಾಪ್‌ಟಾಪ್ ಇತ್ತು. ನಿಂತಿದ್ದ ಹುಡುಗನಿಗೆ ನಿನ್ನದೇ ವಯಸ್ಸಿರಬಹುದು. "ನಾನೊಂದು ಟೈಪ್ ಮಾಡ್ಲಾ?" ಅಂತ ಕೇಳಿದೆ. 'ಲಕ್ಷ್ಮಮ್ಮ' ಅಂತ ಹಾಕಿದೆ. ಕ ಕೆಳಗೆ ಷ ಒತ್ತು, ಅದರ ಜೊತೆ ಮ ಒತ್ತು. ಸುಲಭದ ಹೆಸರಲ್ಲ, ಆದರೆ ನಮ್ಮ ಪ್ರತಿ ಡೇರಿಯಲ್ಲೂ ನಾಲ್ಕು ಜನ ಲಕ್ಷ್ಮಮ್ಮ ಇದ್ದಾರೆ. ಕೆಳಗೆ 'ಕಾರ್ಯದರ್ಶಿ', ಎರಡು ಅರ್ಕಾವತ್ತು. ಪಿಡಿಎಫ್ ಗುಂಡಿ ಒತ್ತಿದೆ. ಬಂತು: 'ಲಕ್‌ಷ್‌ಮಮ್‌ಮ'. 'ಕಾರ್‌ಯದರ್‌ಶಿ'.

ಹುಡುಗ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ, "ಗೊತ್ತು ಮೇಡಂ. ನಮ್ಮ ತೆಲುಗಲ್ಲೂ ಇದೇ ಕಥೆ. ಬಗ್ ಇದೆ ಅಂತ ರಿಪೋರ್ಟ್ ನಾನೇ ಹಾಕಿದೀನಿ. ಲಾಂಚ್ ಡೇಟ್ ಮೊದಲೇ ಫಿಕ್ಸ್ ಆಗಿಬಿಟ್ಟಿತ್ತು" ಅಂದ. ಇಡೀ ದಿನದಲ್ಲಿ ನಾನು ಕೇಳಿದ ನಿಜವಾದ ಮಾತು ಅದೊಂದೇ. ಇನ್ನೂ ಏನೋ ಕೇಳಬೇಕು ಅನ್ನುವಷ್ಟರಲ್ಲಿ ಟೈ ಕಟ್ಟಿದವರೊಬ್ಬರು ನಗುನಗುತ್ತಾ ಬಂದು, ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, "ಮ್ಯಾಮ್, ಎಐ ಫೀಚರ್ ನೋಡಿದ್ರಾ?" ಅಂದರು. ಹುಡುಗ ತಲೆ ತಗ್ಗಿಸಿ ಪೆನ್ನುಗಳನ್ನು ಸಾಲಾಗಿ ಜೋಡಿಸತೊಡಗಿದ. ಆಗಲೇ ಸಾಲಾಗಿದ್ದ ಪೆನ್ನುಗಳು ಅವು.

ವಾಪಸ್ ಬರುವಾಗ ಅವನದೇ ಯೋಚನೆ. ಯಾಕೆಂದರೆ ಅವನ ಜಾಗದಲ್ಲಿ ನಾನೂ ನಿಂತಿದ್ದೆ. 2003, ನೀನಿನ್ನೂ ಹುಟ್ಟಿರಲಿಲ್ಲ. ತಿಪಟೂರಿನ ಹತ್ತಿರದ ಒಂದು ಡೇರಿ. ಸಿಪಿಯು, ಮಾನಿಟರ್ ಎಲ್ಲ ಆಟೋದಲ್ಲಿ ಹೇರಿಕೊಂಡು ಹೋಗಿದ್ದೆವು. ರಾಮ, ಸೀತಾ ಅಂತ ನಾವೇ ತುಂಬಿದ ಹೆಸರುಗಳಿಗೆ ಚೀಟಿ ಸೊಗಸಾಗಿ ಬಂತು. ಆಗ ಕಾರ್ಯದರ್ಶಿ "ನನ್ನ ಹೆಸರು ಹಾಕಿ ನೋಡುವ" ಅಂದರು. ಅವರದು ಉದ್ದನೆಯ ಹೆಸರು, ಹಿಂದೆ ಅಪ್ಪನ ಹೆಸರು, ಅದರ ಹಿಂದೆ ಊರು. ನಾವು ಹೆಸರಿಗೆ ಇಟ್ಟಿದ್ದು 20 ಜಾಗ. ಹಳೇ ಫಾಂಟಿನಲ್ಲಿ ಒಂದು ಕನ್ನಡ ಅಕ್ಷರಕ್ಕೇ ಎರಡು ಮೂರು ಜಾಗ ಬೇಕು. ಸಿಸ್ಟಮ್ ಹ್ಯಾಂಗ್ ಆಯಿತು. ಹಿಂದೆ ಕ್ಯಾನು ಹಿಡಿದವರ ಸಾಲು. ನನ್ನ ಕೈ ನಡುಗುತ್ತಿತ್ತು.

ಬೈಯಲಿಲ್ಲ ಅವರು. ಲೆಡ್ಜರ್ ತೆಗೆದು ಕೈಯಲ್ಲೇ ಬರೆದು ಸಾಲು ಮುಗಿಸಿದರು. ಆಮೇಲೆ ಟೀ ತರಿಸಿ, ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕರೆಂಟ್ ಹೋದರೆ ಏನು ಗತಿ? ಚೀಟಿ ಕಳೆದುಕೊಂಡವರಿಗೆ ಮತ್ತೆ ಕೊಡಬಹುದಾ? ಫ್ಯಾಟ್ ತಪ್ಪು ಬರೆದರೆ ತಿದ್ದುವುದು ಹೇಗೆ, ತಿದ್ದಿದ್ದು ಯಾರಿಗೆ ಗೊತ್ತಾಗುತ್ತೆ? ಚೆನ್ನಾಗಿ ಓಡುತ್ತಿದ್ದಾಗ ತಲೆಯಾಡಿಸುತ್ತಾ ನಿಂತಿದ್ದವರು, ಕೆಟ್ಟ ಮೇಲೆ ಒಂದು ಗಂಟೆ ಪ್ರಶ್ನೆ ಕೇಳಿದರು. ಈಗಲೂ ಆ ಡೇರಿ ನಮ್ಮದೇ ಗಿರಾಕಿ.

ಹಾಗಾಗಿ ವಿಡಿಯೋ ಬೇಡ, ಲೈವ್ ಮಾಡು. ವಿಡಿಯೋ ಒಂದು ಮಾಡಿಟ್ಟುಕೋ, ಲೈವ್ ಪೂರ್ತಿ ಕೈಕೊಟ್ಟರೆ ತೋರಿಸೋಕೆ. ತೋರಿಸುವಾಗ 'ಇದು ನಿನ್ನೆ ಮಾಡಿದ ರೆಕಾರ್ಡಿಂಗ್' ಅಂತ ಹೇಳಿಬಿಡು, ನಾಚಿಕೆ ಏನಿಲ್ಲ. ಮೇಷ್ಟ್ರಲ್ಲಿ ಒಬ್ಬರಿಗೆ ಅವರದೇ ಹೆಸರು ಟೈಪ್ ಮಾಡೋಕೆ ಕೊಡು. ಅದಕ್ಕೆ ಮುಂಚೆ ನೀನೇ ಒಮ್ಮೆ ಲಕ್ಷ್ಮಮ್ಮನನ್ನು ಹಾಕಿ ನೋಡು.

ಕಾಲೇಜ್ ವೈಫೈ ನಂಬಬೇಡ, ಫೋನಿನ ಹಾಟ್‌ಸ್ಪಾಟ್ ಇರಲಿ. ಚಾರ್ಜರ್ ಎರಡು ತಗೊಂಡು ಹೋಗು. ನೋಟಿಫಿಕೇಶನ್ ಎಲ್ಲ ಆಫ್ ಮಾಡು. ಅಪ್ಪ ದಿನಾ ಹತ್ತು ಗಂಟೆಗೆ ಕಳಿಸುವ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಅಲ್ಲಿ ದೊಡ್ಡ ಪರದೆ ಮೇಲೆ ಅರಳಿದರೆ ನನ್ನನ್ನು ಕೇಳಬೇಡ.

ಅಲ್ಲಿ ಕೊಟ್ಟ ಟೀ ಶರ್ಟ್ ಅಪ್ಪನಿಗೂ ದೊಡ್ಡದು. ಅದರ ಮೇಲೂ ಕನ್ನಡ ಇದೆ. ಬರುವಾಗ ತೋರಿಸುತ್ತೇನೆ, ತಪ್ಪು ಎಲ್ಲಿದೆ ನೀನೇ ಹುಡುಕು.

ನಿನ್ನ
ಅಮ್ಮ