ಮೊದಲ ಸಲ ಕಿಲ್ಟ್ ಉಡಲಿರುವ ಸೋದರಳಿಯನಿಗೆ

ಅಬರ್ಡೀನ್

ಚಿರಂಜೀವಿ ಸುಹಾಸನಿಗೆ ನಿನ್ನ ಮಾವನ ಆಶೀರ್ವಾದಗಳು.

ನಾನೂ ನಿನ್ನ ಅತ್ತೆಯೂ ಇಲ್ಲಿ ಕ್ಷೇಮವಾಗಿದ್ದೇವೆ. ಗ್ಲಾಸ್ಗೋದ ಸಹಪಾಠಿಯ ಮದುವೆಗೆ ಸ್ಕಾಟ್ಲೆಂಡಿನ ಗಂಡಸರ ನೆರಿಗೆಯುಡುಪಾದ ಕಿಲ್ಟ್ ಉಟ್ಟು ಹೋಗಬೇಕೆಂಬ ನಿನ್ನ ಆಸೆ ತಿಳಿದು ಸಂತೋಷವಾಯಿತು. ಜೊತೆಗೆ ನೀನು ಕಳುಹಿಸಿದ ಸಾಮಾನಿನ ಪಟ್ಟಿಯನ್ನು ನೋಡಿ ಸ್ವಲ್ಪ ಗಾಬರಿಯೂ ಆಯಿತು. ಅದರಲ್ಲಿ ಅರ್ಧದಷ್ಟು ನಿನಗೆ ಬೇಕಿಲ್ಲ. ಬೇಕಾದ ಒಂದು ಮುಖ್ಯ ವಿಷಯ, ಅಂದರೆ ಅಳತೆ, ಅದರಲ್ಲಿ ಇಲ್ಲವೇ ಇಲ್ಲ.

ಮೊದಲು ನಿನ್ನ ಅಳುಕಿಗೆ ಉತ್ತರ. ಸ್ಕಾಟ್ಲೆಂಡಿನವರಲ್ಲದ ನಾವು ಉಟ್ಟರೆ ಯಾರೂ ಆಕ್ಷೇಪಿಸುವುದಿಲ್ಲ. ಕ್ರಮ ತಿಳಿದು ಉಟ್ಟು ಬಂದ ಅತಿಥಿಯನ್ನು ಇಲ್ಲಿನವರು ಗೌರವದಿಂದಲೇ ಕಾಣುತ್ತಾರೆ. ವೇಷ ಕಟ್ಟಿದವನಂತೆ ಬಂದರೆ ಮಾತ್ರ ಅವರಿಗೂ ನಿನಗೂ ಮುಜುಗರ. ಉತ್ತರದ ಗುಡ್ಡಗಾಡಾದ ಹೈಲ್ಯಾಂಡಿನವರ ಬಂಡಾಯವನ್ನು ಮುರಿದ ಕಲಾಡನ್ ಯುದ್ಧದ ನಂತರ 1746ರ ಕಾಯ್ದೆಯು ಕಿಲ್ಟೂ ಸೇರಿದ ಹೈಲ್ಯಾಂಡ್ ಉಡುಪನ್ನು ಸೈನ್ಯದಲ್ಲಿದ್ದವರನ್ನು ಬಿಟ್ಟು ಉಳಿದ ಗಂಡಸರಿಗೆ ನಿಷೇಧಿಸಿತ್ತು, ಆ ನಿಷೇಧ ತೆರವಾದದ್ದು 1782ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ, ಈ ಜನ ಈ ಬಟ್ಟೆಯ ವಿಷಯದಲ್ಲಿ ಏಕೆ ಇಷ್ಟು ಅಭಿಮಾನಿಗಳೆಂಬುದು ನಿನಗೆ ಅರ್ಥವಾದೀತು.

ಟಾರ್ಟನ್, ಅಂದರೆ ಕಿಲ್ಟಿನ ಬಣ್ಣದ ಚೌಕಳಿ ವಿನ್ಯಾಸ, ಆರಿಸುವಾಗಲೂ ಕಾನೂನಿನ ಭಯ ಬೇಡ. ಬಾಲ್ಮೋರಲ್ ಟಾರ್ಟನ್ ರಾಜಮನೆತನಕ್ಕೆ ಮೀಸಲೆಂಬುದನ್ನು ಎಲ್ಲರೂ ಪಾಲಿಸುತ್ತಾರೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಯಾರು ಬೇಕಾದರೂ ಉಡಬಹುದು. ಆದರೂ ಒಂದು ಕುಲದ ಹೆಸರು ಹೊತ್ತ ಟಾರ್ಟನ್ ಉಟ್ಟರೆ, ನೀನು ಆ ಮನೆತನಕ್ಕೆ ಏನಾಗಬೇಕೆಂದು ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿಯಾರು, ಆಗ ನಿನ್ನ ಬಳಿ ಉತ್ತರವಿರುವುದಿಲ್ಲ. ಬ್ಲ್ಯಾಕ್ ವಾಚ್, ಹಂಟಿಂಗ್ ಸ್ಟೂವರ್ಟ್, ಐಲ್ ಆಫ್ ಸ್ಕೈ ಇಂಥವನ್ನು ಕುಲದ ಸಂಬಂಧವಿಲ್ಲದವರೂ ನಿಶ್ಚಿಂತೆಯಿಂದ ಉಡುತ್ತಾರೆ. ಇಲ್ಲಿನ ಸಿಖ್ಖರಿಗಂತೂ ಸಿಂಗ್ ಹೆಸರಿನದೇ ಒಂದು ಟಾರ್ಟನ್ ಇದೆ. ನನ್ನನ್ನು ಕೇಳಿದರೆ ಬ್ಲ್ಯಾಕ್ ವಾಚ್: ಕಡುಹಸಿರು ಮತ್ತು ಕಡುನೀಲಿ, ಯಾವ ಜಾಕೆಟ್ಟಿಗೂ ಹೊಂದುತ್ತದೆ, ಬಾಡಿಗೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಆರಿಸುವ ಮುನ್ನ ಮದುಮಗನ ಕಡೆಯವರು ಯಾವುದನ್ನು ಉಡುತ್ತಾರೆಂದು ಕೇಳಿಕೊಂಡು, ಅದನ್ನು ಮಾತ್ರ ಬಿಟ್ಟುಬಿಡು.

ಈ ಸಲ ಬಾಡಿಗೆಗೆ ತೆಗೆದುಕೊ. ಎಂಟು ಗಜ ಉಣ್ಣೆಯಲ್ಲಿ ಕೈಯಿಂದ ಹೊಲಿದ ಕಿಲ್ಟಿಗೆ ನೂರಾರು ಪೌಂಡ್ ಆಗುತ್ತದೆ, ಹೊಲಿದು ಕೊಡಲು ವಾರಗಟ್ಟಲೆ ಹಿಡಿಯುತ್ತದೆ. ವಿದ್ಯಾರ್ಥಿಯಾಗಿರುವಾಗ ಅಂಥ ಖರ್ಚು ಸಲ್ಲದು. ಬಾಡಿಗೆಯದಾದರೂ ಬಟ್ಟೆಯ ತೂಕವನ್ನು ಕೇಳು. ಗಜಕ್ಕೆ 16 ಔನ್ಸ್ ತೂಗುವ ಉಣ್ಣೆ ಭಾರವೆನಿಸಿದರೂ ಅದರ ನೆರಿಗೆ ನೆಟ್ಟಗೆ ಬೀಳುತ್ತದೆ, ಗಾಳಿಗೆ ಹಾರುವುದು ಕಡಿಮೆ. 13 ಔನ್ಸಿನದೂ ಆದೀತು. ಪಾರ್ಟಿ ಸಾಮಾನಿನ ಅಂಗಡಿಗಳಲ್ಲಿ ಮಾರುವ ತೆಳು ಪಾಲಿಯೆಸ್ಟರ್ ಕಿಲ್ಟನ್ನು ಮಾತ್ರ ಮುಟ್ಟಬೇಡ.

ಇನ್ನು ಅಳತೆ. ಕಿಲ್ಟನ್ನು ನಿನ್ನ ಪ್ಯಾಂಟು ನಿಲ್ಲುವ ಜಾಗದಲ್ಲಿ ಕಟ್ಟುವುದಿಲ್ಲ, ಹೊಕ್ಕುಳ ಮಟ್ಟದಲ್ಲಿ ಕಟ್ಟುತ್ತಾರೆ. ನಿನ್ನ ಅಜ್ಜ ಪಂಚೆಯನ್ನು ಹೊಟ್ಟೆಯ ಮೇಲೆ ಬಿಗಿದು ಕಟ್ಟುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಎತ್ತರ. ಆದ್ದರಿಂದ ಜೀನ್ಸಿನ ಸೈಜನ್ನು ಅಂಗಡಿಯವರಿಗೆ ಹೇಳಿದರೆ ಕಿಲ್ಟ್ ಸೊಂಟದಿಂದ ಜಾರಿ, ಅಂಚು ಮಂಡಿಯ ಕೆಳಗೆ ಇಳಿದು, ಎಲ್ಲವೂ ಕೆಡುತ್ತದೆ. ಹೊಕ್ಕುಳ ಸುತ್ತಳತೆ, ಪೃಷ್ಠದ ಅತಿ ಅಗಲವಾದ ಭಾಗದ ಸುತ್ತಳತೆ, ಹೊಕ್ಕುಳಿನಿಂದ ಮಂಡಿಚಿಪ್ಪಿನ ನಡುವಿನವರೆಗಿನ ಉದ್ದ, ಈ ಮೂರೂ ಬೇಕು. ಇವನ್ನು ಬೇರೆಯವರ ಕೈಯಿಂದ ತೆಗೆಸು, ಏಕೆಂದರೆ ನೀನೇ ಟೇಪ್ ಹಿಡಿದು ಕೆಳಗೆ ಬಗ್ಗಿ ನೋಡಿದ ಕ್ಷಣವೇ ಉದ್ದ ವ್ಯತ್ಯಾಸವಾಗುತ್ತದೆ. ಉಟ್ಟ ಮೇಲೆ ಮಂಡಿಯೂರಿ ನೆಟ್ಟಗೆ ಕುಳಿತು ನೋಡು. ಅಂಚು ನೆಲಕ್ಕೆ ತಾಗದೆ ಒಂದಂಗುಲದಷ್ಟು ಮೇಲೆ ನಿಂತರೆ ಉದ್ದ ಸರಿಯಿದೆ.

ಉಡುವ ಕ್ರಮ ಕಷ್ಟದ್ದಲ್ಲ. ನೆರಿಗೆಯ ಭಾಗ ಬೆನ್ನಿಗೆ ಬರಲಿ. ಒಳಗಿನ ಮಡಿಕೆ ನಿನ್ನ ಬಲದಿಂದ ಹೊಟ್ಟೆಯನ್ನು ದಾಟಿ ಎಡಕ್ಕೆ ಹೋಗುತ್ತದೆ. ಅದರ ಪಟ್ಟಿಯನ್ನು ಎಡಸೊಂಟದಲ್ಲಿರುವ ಸೀಳಿನಿಂದ ಹೊರಗೆಳೆದು ಬಕಲ್ ಹಾಕಬೇಕು. ಆಮೇಲೆ ಹೊರಗಿನ ಮಡಿಕೆಯನ್ನು ಎಡದಿಂದ ಬಲಕ್ಕೆ ತಂದು ಬಿಗಿದರಾಯಿತು. ಎಳೆ ಬಿಟ್ಟ ಅಂಚು ಬಲತೊಡೆಯ ಮೇಲೆ ನಿಲ್ಲಬೇಕು. ಎಡಕ್ಕೆ ಬಂದಿದ್ದರೆ ತಿರುಗುಮುರುಗಾಗಿದೆಯೆಂದು ತಿಳಿ. ಬೂಟಿನ ಲೇಸನ್ನು ಮಾತ್ರ ಕಿಲ್ಟಿಗೂ ಮೊದಲೇ ಕಟ್ಟಿಕೊ. ಬಿಗಿದ ಮೇಲೆ ಬಗ್ಗುವುದು ಸುಲಭವಲ್ಲ.

ಜಾಕೆಟ್ಟುಗಳಲ್ಲಿ ಪ್ರಿನ್ಸ್ ಚಾರ್ಲಿ ಎಂಬುದು ಬೋ ಟೈ ಜೊತೆ ಸಂಜೆಯ ಔತಣಗಳಿಗೆ ಸಲ್ಲುವಂಥದು. ನಿನ್ನ ಗೆಳೆಯನ ಮದುವೆ ಮಧ್ಯಾಹ್ನ ಆರಂಭವಾಗಿ ರಾತ್ರಿಯವರೆಗೆ ನಡೆಯುವುದರಿಂದ ಆರ್ಗೈಲ್ ಜಾಕೆಟ್, ಅದರದೇ ವೇಸ್ಟ್‌ಕೋಟ್ ಮತ್ತು ಸಾಧಾರಣ ಉದ್ದ ಟೈ ಎರಡು ಹೊತ್ತಿಗೂ ಸಾಕು. ಟೈ ಒಂದೇ ಬಣ್ಣದ್ದಿರಲಿ, ಟಾರ್ಟನ್ ಮೇಲೆ ಟಾರ್ಟನ್ ಬೇಡ. ವೇಸ್ಟ್‌ಕೋಟ್ ಹಾಕಿದರೆ ಅಗಲ ಬೆಲ್ಟನ್ನು ಹಾಕುವಂತಿಲ್ಲ. ನಿನ್ನ ಪಟ್ಟಿಯಲ್ಲಿರುವ ದೊಡ್ಡ ಬಕಲ್ಲಿನ ಬೆಲ್ಟನ್ನು ಈಗಲೇ ಹೊಡೆದುಹಾಕು.

ಕಿಲ್ಟಿನ ಮುಂದೆ ತೂಗುವ ಸ್ಪಾರನ್ ಎಂಬ ಚೀಲದ ಬಗ್ಗೆ ಕೊಂಚ ಹೆಚ್ಚಾಗಿ ಹೇಳಬೇಕು, ಏಕೆಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಕಿಲ್ಟಿಗೆ ಜೇಬಿಲ್ಲವಾದ್ದರಿಂದ ಈ ಚೀಲವೇ ಜೇಬು. ಹಗಲಿಗೆ ಬರಿಯ ಚರ್ಮದ್ದು, ಸಂಜೆಗೆ ತುಪ್ಪಳದ ಮುಖ ಮತ್ತು ಬೆಳ್ಳಿಬಣ್ಣದ ಪಟ್ಟಿಯಿರುವುದು, ಇವೆರಡರ ನಡುವೆ ಸ್ವಲ್ಪ ಅಲಂಕಾರದ ಇನ್ನೊಂದು ಬಗೆ. ನಿನಗೆ ಆ ನಡುವಿನದೇ ಸರಿ. ಸೀಲ್ ಎಂಬ ಕಡಲಪ್ರಾಣಿಯ ತುಪ್ಪಳದ್ದನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡ; ಮುಂದೆ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗುವ ಯೋಚನೆಯಿರುವ ನೀನು ಅದನ್ನು ಅಲ್ಲಿಗೆ ಒಯ್ಯಲು ಹೊರಟರೆ, ಕಡಲ ಸಸ್ತನಿಗಳನ್ನು ರಕ್ಷಿಸುವ ಅಲ್ಲಿನ 1972ರ ಕಾಯ್ದೆ ಅಡ್ಡ ಬರುತ್ತದೆ. ಸ್ಪಾರನ್ನಿನ ಮೇಲಂಚು ವೇಸ್ಟ್‌ಕೋಟಿನ ಕೆಳಗುಂಡಿಯಿಂದ ಮೂರು ನಾಲ್ಕು ಬೆರಳು ಕೆಳಗೆ ನಿಲ್ಲಲಿ. ಫೋನು, ಬೀಗದ ಕೈ, ಒಂದೆರಡು ನೋಟು ಇಷ್ಟೇ ಅದರಲ್ಲಿರಲಿ. ತುಂಬಿ ಉಬ್ಬಿದ ಸ್ಪಾರನ್ ನೋಡಲು ಚೆನ್ನಾಗಿರುವುದಿಲ್ಲ.

ಕಾಲುಚೀಲಕ್ಕೆ ಅಚ್ಚ ಬಿಳಿಯ ಬದಲು ಕೆನೆಬಣ್ಣ ಅಥವಾ ಕಡುಹಸಿರನ್ನು ಆರಿಸು. ಅದರ ಮಡಿಕೆ ಮಂಡಿಚಿಪ್ಪಿಗಿಂತ ಎರಡು ಮೂರು ಬೆರಳು ಕೆಳಗಿರಬೇಕು. ಮಡಿಕೆಯ ಕೆಳಗೆ ಇಣುಕುವ ಬಣ್ಣದ ಪಟ್ಟಿಗಳಿಗೆ ಫ್ಲ್ಯಾಶ್ ಎನ್ನುತ್ತಾರೆ. ಅವು ಕಾಲಿನ ಹೊರಬದಿಗೆ ಬರಲಿ. ನಾಲಿಗೆಯಿಲ್ಲದ ಗಿಲ್ಲಿ ಬ್ರೋಗ್ ಬೂಟಿನ ಉದ್ದ ಲೇಸನ್ನು ಮುಂದೆ ಮೂರು ನಾಲ್ಕು ಸಲ ಹುರಿಮಾಡಿ, ಹಿಂದೆ ಸುತ್ತಿಸಿ ತಂದು ಹರಡಿನ ಸ್ವಲ್ಪ ಮೇಲೆ ಕಟ್ಟಬೇಕು. ಮೀನಖಂಡದವರೆಗೆ ಸುತ್ತಿದರೆ ರಂಗಸ್ಥಳಕ್ಕೆ ಹೊರಟಂತೆ ಕಾಣುತ್ತೀಯೆ.

ಕಾಲುಚೀಲದಲ್ಲಿ ಸಿಕ್ಕಿಸುವ ಸ್ಕೀಯನ್ ಡೂ ಎಂಬ ಚಿಕ್ಕ ಚೂರಿಯ ವಿಷಯದಲ್ಲಿ ನಿನ್ನ ತಾಯಿ ಹೆದರಿದ್ದಾಳೆ. ರಾಷ್ಟ್ರೀಯ ಉಡುಪಿನ ಭಾಗವಾಗಿ ಅದನ್ನು ಧರಿಸುವುದನ್ನು ಸ್ಕಾಟ್ಲೆಂಡಿನ 1995ರ ಕಾಯ್ದೆ ಒಪ್ಪುತ್ತದೆಂದು ಅವಳಿಗೆ ತಿಳಿಸು. ಆದರೆ ಆ ವಿನಾಯಿತಿ ಉಡುಪಿನ ಜೊತೆಗಿರುವಾಗಿನದು. ಮರುದಿನ ಜೀನ್ಸ್ ತೊಟ್ಟು ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಸ್ ಹತ್ತಿದರೆ ಆ ಸಮರ್ಥನೆ ನಿಲ್ಲುವುದಿಲ್ಲ. ವಿಮಾನದಲ್ಲಿ ಕೈಚೀಲದಲ್ಲಂತೂ ಕೂಡದು. ನೀನು ಬಲಗೈಯವನಾದ್ದರಿಂದ ಅದು ಬಲಗಾಲಿನಲ್ಲಿ, ಹಿಡಿ ಮಾತ್ರ ಕಾಣುವಂತೆ ಇರಬೇಕು. ಮೊದಲ ಸಲಕ್ಕೆ ಅಲಗಿಲ್ಲದ ಪ್ಲಾಸ್ಟಿಕ್ಕಿನದೇ ಸಾಕೆಂಬುದು ನನ್ನ ಅಭಿಪ್ರಾಯ. ಹಿಡಿಯನ್ನು ನೋಡಿ ಅಲಗನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಕಿಲ್ಟ್ ಪಿನ್ನನ್ನು ಹೊರಮಡಿಕೆಯ ಬಲಮೂಲೆಗೆ ಮಾತ್ರ ಚುಚ್ಚು. ಎರಡು ಮಡಿಕೆಗಳನ್ನೂ ಸೇರಿಸಿ ಚುಚ್ಚಿದರೆ ಕುಳಿತಾಗ ಎಳೆದು ಬಟ್ಟೆ ಹರಿಯುತ್ತದೆ, ಬಾಡಿಗೆ ಅಂಗಡಿಯವರು ದಂಡ ಕೇಳುತ್ತಾರೆ. ಬೆಲ್ಟಿನ ಆಕಾರದ ಪಟ್ಟಿಯೊಳಗೆ ಚಿಹ್ನೆಯಿರುವ ಕುಲಲಾಂಛನದ ಪಿನ್ ಆ ಕುಲದವರಿಗೇ ಇರಲಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಹೂವಾದ ಥಿಸಲ್ಲಿನದು ಎಲ್ಲರಿಗೂ ಸಲ್ಲುತ್ತದೆ. ನಮ್ಮದೆನ್ನುವ ಗುರುತೊಂದು ಬೇಕೆನಿಸಿದರೆ ಬೆಳ್ಳಿಯ ಪುಟ್ಟ ಗಂಡಭೇರುಂಡವನ್ನು ಅಲ್ಲಿ ಧರಿಸಬಹುದು, ಅದರಿಂದ ಯಾರಿಗೂ ನೋವಿಲ್ಲ. ಭುಜದ ಮೇಲೆ ಹೊದೆಯುವ ಪ್ಲೇಡ್ ಮದುಮಗನಿಗೆ ಬಿಟ್ಟದ್ದು. ಟೋಪಿಯೂ ಬೇಡ, ಅದರಲ್ಲಿ ಹದ್ದಿನ ಗರಿಯಂತೂ ಬೇಡವೇ ಬೇಡ: ಮೂರು ಗರಿ ಕುಲದ ಮುಖ್ಯಸ್ಥನದು, ಎರಡು ಶಾಖೆಯ ಮುಖ್ಯಸ್ಥನದು, ಒಂದು ಅಧಿಕೃತ ಲಾಂಛನವಿರುವವನದು.

ಕುಳಿತುಕೊಳ್ಳುವಾಗ ಹಿಂದಿನ ನೆರಿಗೆಯನ್ನು ಅಂಗೈಯಿಂದ ಕೆಳಗೆ ಸವರಿಕೊಂಡು ಕುಳಿತುಕೊ, ಮಂಡಿಗಳನ್ನು ಅಗಲಿಸಬೇಡ. ಮುಂದಿನ ಬಟ್ಟೆಯನ್ನು ಸ್ಪಾರನ್ನಿನ ಭಾರವೇ ಒತ್ತಿ ಹಿಡಿಯುತ್ತದೆ. ರಾತ್ರಿ ಕೇಲಿ ಎಂಬ ಇಲ್ಲಿನ ಗುಂಪು ನೃತ್ಯವಿದ್ದರೆ ಸ್ಪಾರನ್ನನ್ನು ಸೊಂಟದ ಪಕ್ಕಕ್ಕೆ ಸರಿಸಿಕೊಳ್ಳುವುದು ಒಳ್ಳೆಯದು. ಸ್ಟ್ರಿಪ್ ದ ವಿಲೋ ಎಂಬ ಕುಣಿತದಲ್ಲಿ ಜನ ಗಿರ‍್ರನೆ ತಿರುಗಿಸುತ್ತಾರೆ, ಚರ್ಮದ ಅಟ್ಟೆಯೂ ಜಾರುತ್ತದೆ. ಒಳಉಡುಪಿನ ಬಗ್ಗೆ ನೀನು ಸಂಕೋಚದಿಂದ ಕೇಳದೆ ಬಿಟ್ಟ ಪ್ರಶ್ನೆಗೂ ಉತ್ತರಿಸುತ್ತೇನೆ: ಹಾಕಿಕೊ. ಬಾಡಿಗೆಯ ಬಟ್ಟೆಯನ್ನು ನಿನಗಿಂತ ಮೊದಲು ಹಲವರು ಉಟ್ಟಿರುತ್ತಾರೆ, ನಿನ್ನ ನಂತರವೂ ಉಡುತ್ತಾರೆ. ಮದುವೆಮನೆಯಲ್ಲಿ ಯಾರಾದರೂ ತಮಾಷೆಗೆ ಕೇಳಿದರೆ ನಕ್ಕು ಸುಮ್ಮನಿರು.

ಮೂರೂ ಅಳತೆಗಳನ್ನು ಅಂಗುಲದಲ್ಲಿ ಬರೆದು ಅಂಗಡಿಗೆ ಕೊಡುವ ಮುನ್ನ ನನಗೊಮ್ಮೆ ಕಳುಹಿಸು. ಸ್ಪಾರನ್ನಿಗೆ ದುಡ್ಡು ಸುರಿಯಬೇಡ, ನನ್ನದನ್ನು ಸರಪಳಿಯ ಸಮೇತ ಅಂಚೆಯಲ್ಲಿ ಕಳುಹಿಸಿಕೊಡುತ್ತೇನೆ. ನಿನ್ನ ಸೊಂಟಕ್ಕೆ ಸರಪಳಿ ಉದ್ದವಾದೀತು, ಎರಡು ಕೊಂಡಿ ಒಳಗೆ ಹಾಕಿಕೊ.

ಇತಿ ನಿನ್ನ ಶ್ರೇಯೋಭಿಲಾಷಿ,
ಸೋದರಮಾವ