ಸೂರಕ್ಕಿ ಗೂಡು ಕಸವಲ್ಲ

ಮಾನ್ಯರೇ,

ಶಿರಸಿ, ಕುಮಟಾ ಕಡೆ ಮಳೆಗಾಲಕ್ಕೆ ಮುನ್ನ ಜಗುಲಿಯ ಬಲೆ ಹೊಡೆಯುವಾಗ ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿಯ ಎಷ್ಟೋ ಗೂಡುಗಳು ಕಸದ ಜೊತೆ ಹೋಗುತ್ತವೆ. ನಾರು, ತೊಗಟೆ ಚೂರು, ಒಣ ಎಲೆ, ಹುಳುವಿನ ಹಿಕ್ಕೆಗಳನ್ನು ಜೇಡರ ಬಲೆಯಿಂದ ಬಿಗಿದ ಜೋಲುವ ಚೀಲವದು. ಪಕ್ಕದಲ್ಲಿ ಬಾಗಿಲು, ಅದರ ಮೇಲೊಂದು ಪುಟ್ಟ ಸೂರು ಇದ್ದರೆ ಗೂಡೇ ಎಂದು ತಿಳಿಯಿರಿ.

ಮಿರುಗುವ ಗಂಡು ಕಾಣಲಿಲ್ಲವೆಂದು ಗೂಡು ಖಾಲಿ ಎನ್ನುವುದು ದೊಡ್ಡ ತಪ್ಪು. ಕಾವು ಕೂರುವುದು ಹೆಣ್ಣು. ಬೆನ್ನು ಮಾಸಲು ಕಂದು, ಹೊಟ್ಟೆ ತಿಳಿ ಹಳದಿ. ಬಾಗಿಲಲ್ಲಿ ಕೊಕ್ಕಷ್ಟೇ ಕಾಣುತ್ತದೆ. ನೇರಳೆ ಸೂರಕ್ಕಿಯ ಗಂಡೂ ಮರಿ ಮಾಡುವ ಕಾಲ ಮುಗಿದ ಮೇಲೆ ಹೊಳಪು ಕಳೆದುಕೊಂಡು ಹೆಣ್ಣಿನಂತಾಗುತ್ತದೆ, ಗಂಟಲಿಂದ ಹೊಟ್ಟೆಗೆ ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಆದ್ದರಿಂದ ದೂರ ನಿಂತು ಅರ್ಧ ಗಂಟೆ ನೋಡಿ.

ಸಾಮಾನ್ಯವಾಗಿ 2 ಮೊಟ್ಟೆ. ಕಾವಿಗೆ ಸುಮಾರು 2 ವಾರ, ಮರಿ ಹಾರಲು ಮತ್ತೆ 2 ವಾರ. ಆ ಮೂಲೆಯ ಸುಣ್ಣ-ಬಣ್ಣ ಒಂದು ತಿಂಗಳು ಮುಂದೂಡಿ. ಗೂಡನ್ನು ಬಿಡಿಸಿ ಬೇರೆಡೆ ಕಟ್ಟಬೇಡಿ, ತಾಯಿ ಬಿಟ್ಟುಹೋಗಬಹುದು.

ಹಕ್ಕಿಗೆಂದು ಸಕ್ಕರೆ ನೀರಿಡುವುದು ನಮಗೆ ಸರಿ ಕಾಣುವುದಿಲ್ಲ. ಕರಾವಳಿಯ ಸೆಕೆಗೆ ಅದು ಬೇಗ ಹುಳಿಯುತ್ತದೆ. ಮರಿಗಳಿಗೆ ಬೇಕಾದದ್ದು ಜೇಡ, ಸಣ್ಣ ಹುಳು. ಹಾಗಾಗಿ ಗಿಡಗಳಿಗೆ ಕೀಟನಾಶಕ ಹೊಡೆಯದಿರುವುದೇ ದೊಡ್ಡ ಉಪಕಾರ. ಒಂಟಿ ಸುತ್ತಿನ ದಾಸವಾಳ, ಬೇಲಿಗೆ ಹಾಲವಾಣ ನೆಡಿ. ಸೂರಕ್ಕಿ ದಾಸವಾಳ ಹೂವಿನ ಬುಡಕ್ಕೆ ತೂತು ಕೊರೆದು ಮಕರಂದ ಹೀರುವುದುಂಟು, ಪೂಜೆಯ ಹೂ ಕೆಟ್ಟಿತೆಂದು ದಯವಿಟ್ಟು ಓಡಿಸಬೇಡಿ. ಕಾಡುಮರದ ಮೇಲಿನ ಬಂದಳಿಕೆಯನ್ನೂ ಹಾಗೇ ಬಿಡಿ. ಅದರ ಹೂವಿಗೂ ಸೂರಕ್ಕಿ ಬರುತ್ತದೆ.

ಪಕ್ಷಿಪ್ರಿಯರು, ಶಿರಸಿ