ಯಾವ ದಿಕ್ಕಿಗೆ ಓಡಬೇಕು? ವಿಜಯಪುರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ತಿಕೋಟಾ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ. ಕಳೆದ ಏಪ್ರಿಲ್‌ನ ಒಂದು ಸಂಜೆ ಒಣದ್ರಾಕ್ಷಿ ಬಾಕ್ಸ್‌ಗಳನ್ನು ಹೇರಿಕೊಂಡು ಕೋಲ್ಡ್ ಸ್ಟೋರೇಜ್ ಒಂದರ ಅಂಗಳದಲ್ಲಿ ಸರದಿ ಕಾಯುತ್ತಿದ್ದೆ. ನನ್ನ ಟೆಂಪೊ ಮುಂದೆ ಏಳೆಂಟು ಗಾಡಿಗಳಿದ್ದವು. ಯಂತ್ರದ ಕೋಣೆಯಲ್ಲಿ ಆಪರೇಟರ್, ಸ್ಟೋರೇಜ್ ತಂಪಾಗಿಡುವ ಅಮೋನಿಯ ಅನಿಲದ ಟ್ಯಾಂಕಿನ ತಳದಲ್ಲಿ ಕೂತ ಆಯಿಲ್ ಇಳಿಸುತ್ತಿದ್ದನೆಂದು ಆಮೇಲೆ ತಿಳಿಯಿತು. ಆಯಿಲ್ ಮುಗಿದ ಮೇಲೂ ವಾಲ್ವ್ ತಿರುಗಲಿಲ್ಲ. ಬಾಗಿಲಿನಿಂದ ಬಿಳಿಯ ಹೊಗೆಯಂಥದ್ದು ನೆಲ ಹಿಡಿದು ಹೊರಗೆ ಬಂತು. ಮೂಗಿಗೆ ಮೊದಲು, ಕಣ್ಣಿಗೆ ಆಮೇಲೆ ಗೊತ್ತಾಯಿತು.

ಎಲ್ಲರೂ ಓಡಿದೆವು. ಎಲ್ಲಿಗೆ? ಗೇಟಿನ ಕಡೆಗೆ, ಒಳಗೆ ಬಂದ ದಾರಿ ಅದೇ ಆದ್ದರಿಂದ. ಗಾಳಿಯೂ ಅತ್ತಲೇ ಬೀಸುತ್ತಿತ್ತು. ಬಿಹಾರದ ಇಬ್ಬರು ಹಮಾಲರು ಶೌಚಾಲಯಕ್ಕೆ ನುಗ್ಗಿ ಚಿಲಕ ಹಾಕಿಕೊಂಡರು. 'ಆ ಕಡೆ ಹೋಗಬೇಡಿ' ಎಂದು ವಾಚ್‌ಮನ್ ಕನ್ನಡದಲ್ಲಿ ಕೂಗುತ್ತಿದ್ದ, ಅವರಿಗೆ ಅದು ತಿಳಿಯುವುದಾದರೂ ಹೇಗೆ? ಮುಖಕವಚಗಳಿದ್ದ ಕಪಾಟಿಗೆ ಬೀಗ, ಬೀಗದ ಕೈ ಊಟಕ್ಕೆ ಹೋಗಿದ್ದ ಮ್ಯಾನೇಜರ್ ಜೇಬಿನಲ್ಲಿ. ಹತ್ತು ನಿಮಿಷಕ್ಕೆ ಎಲ್ಲ ತಿಳಿಯಾಯಿತು. ಕುಡಿಯುವ ನೀರಿನ ಕ್ಯಾನ್ ಬಗ್ಗಿಸಿ ಕಣ್ಣು ತೊಳೆದುಕೊಂಡೆವು. ಯಾರೂ ಸಾಯಲಿಲ್ಲ, ಯಾರೂ ಎಲ್ಲಿಯೂ ಬರೆದುಕೊಳ್ಳಲಿಲ್ಲ. ನನ್ನ ಬಾಕ್ಸ್‌ಗಳನ್ನು ತೂಕ ಹಾಕಿ ಒಳಗೆ ತೆಗೆದುಕೊಂಡರು.

ನನ್ನನ್ನು ಹೆಚ್ಚು ಕಾಡಿದ್ದು ನನ್ನದೇ ದಡ್ಡತನ. ನಾವು ಬೆಳೆಗಾರರು ವಿಷಗಾಳಿ ಕಾಣದವರಲ್ಲ. ಹಣ್ಣಿಗೆ ಬಂಗಾರದ ಬಣ್ಣ ಬರಲೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಕೊಡುತ್ತೇವೆ. ಗಂಧಕಕ್ಕೆ ಕಿಡಿ ತಾಗಿಸುವ ಮೊದಲು ಒಂದು ಹಿಡಿ ಮಣ್ಣು ತೂರಿ ಗಾಳಿ ಎತ್ತ ಎಂದು ನೋಡುವುದನ್ನು ಅಪ್ಪ ಕಲಿಸಿದ್ದರು. ಅಂದು ಆ ಅಂಗಳದಲ್ಲಿ ನನಗೆ ಮಣ್ಣು ತೂರುವುದು ನೆನಪಾಗಲಿಲ್ಲ. ಚಾವಣಿಯ ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವೇನೋ ಇತ್ತು. ಅದು ಹರಿದು ಜೋತುಬಿದ್ದಿತ್ತು.

ಇದನ್ನು ತಮಗೆ ಬರೆಯಲು ಕಾರಣವಿದೆ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಮೀಥೈಲ್ ಐಸೊಸೈನೇಟ್ ಎಂಬ ವಿಷಾನಿಲ ಸೋರಿದ ಮೇಲೆ ದೇಶದಲ್ಲಿ ಕಾನೂನುಗಳು ಬಂದವು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳ ಪ್ರಕಾರ ಆವರಣದ ಒಳಗಿನ ತುರ್ತು ಯೋಜನೆ ಮಾಲೀಕರದ್ದು, ಹೊರಗಿನದು ಜಿಲ್ಲಾಡಳಿತದ್ದು. ಏನು ಅಪಾಯ, ಆದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಸುತ್ತಲಿನವರಿಗೆ ಮೊದಲೇ ತಿಳಿಸುವುದೂ ಮಾಲೀಕರ ಹೊಣೆ. ರಾಸಾಯನಿಕ ಅವಘಡಗಳ 1996ರ ನಿಯಮಗಳು ಇನ್ನೂ ಮುಂದೆ ಹೋಗಿ, ಜಿಲ್ಲಾ ಮಟ್ಟದ ಬಿಕ್ಕಟ್ಟು ನಿರ್ವಹಣಾ ಗುಂಪು 45 ದಿನಗಳಿಗೊಮ್ಮೆ ಸೇರಬೇಕು ಎನ್ನುತ್ತವೆ. ಕಾಗದದ ಮೇಲೆ ಕೊರತೆಯಿಲ್ಲ.

ಆದರೆ ಈ ಜರಡಿಯ ಕಣ್ಣು ದೊಡ್ಡದು. ಅಮೋನಿಯದ ಮಟ್ಟಿಗೆ ಆ ಯೋಜನೆಗಳ ಕಟ್ಟುಪಾಡು ತಗಲುವುದು ಸಂಗ್ರಹ 50-60 ಟನ್ ಮುಟ್ಟಿದಾಗ. ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಅಷ್ಟೆಲ್ಲಿ ಇರುತ್ತದೆ? ಕೆಲವೇ ಟನ್. ಹಾಗಾಗಿ ಅದು ಜರಡಿಯಿಂದ ಕೆಳಗೆ ಬೀಳುತ್ತದೆ. ಉಸಿರಾಡುವವನಿಗೆ ಕೆಲವು ಟನ್ ಸಣ್ಣದಲ್ಲ. 2017ರಲ್ಲಿ ಕಾನ್ಪುರ ಹತ್ತಿರದ ಶಿವರಾಜಪುರದಲ್ಲಿ ಅಮೋನಿಯ ಸೋರಿಕೆಯ ನಡುವೆ ಕಟ್ಟಡ ಕುಸಿದು ಜನ ಸತ್ತದ್ದು ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜ್‌ನಲ್ಲಿ, ದೊಡ್ಡ ರಸಗೊಬ್ಬರ ಕಾರ್ಖಾನೆಯಲ್ಲಲ್ಲ.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ತಾವು, ಪ್ರತಿ ವರ್ಷ ಪರಿಷ್ಕರಿಸಬೇಕಾದ ಜಿಲ್ಲಾ ಯೋಜನೆಯೂ ತಮ್ಮ ಕೈಯಲ್ಲಿದೆ. ಅದರಲ್ಲಿ ಪ್ರವಾಹ, ಬರ, ಸಿಡಿಲಿನ ಜೊತೆಗೆ ಅಮೋನಿಯ ಇರುವ ಪ್ರತಿಯೊಂದು ಕಟ್ಟಡದ ಹೆಸರೂ, ಪ್ರಮಾಣವೂ, ರಾತ್ರಿ ಪಾಳಿಯ ಆಪರೇಟರ್ ಫೋನ್ ಸಂಖ್ಯೆಯೂ ಸೇರಲಿ. ನೀರು ಶುದ್ಧೀಕರಣಕ್ಕೆ ಕ್ಲೋರಿನ್ ಸಿಲಿಂಡರ್ ಇಟ್ಟುಕೊಂಡ ಸ್ಥಳಗಳೂ, ಅಡುಗೆ ಅನಿಲದ ಗೋದಾಮುಗಳೂ ಅದೇ ಪಟ್ಟಿಗೆ ಬರಲಿ.

ಒಂದು ಎಚ್ಚರಿಕೆ. ಎಲ್ಲಕ್ಕೂ ಸೇರಿಸಿ 'ಅನಿಲ ಸೋರಿದರೆ ಏನು ಮಾಡಬೇಕು' ಎಂಬ ಒಂದೇ ಕರಪತ್ರ ಅಚ್ಚು ಹಾಕಿಸುವ ಆಸೆ ಅಧಿಕಾರಿಗಳಿಗೆ ಬರುವುದು ಸಹಜ. ದಯವಿಟ್ಟು ಬೇಡ. ಅಮೋನಿಯ ಗಾಳಿಗಿಂತ ಹಗುರ, ಆದರೂ ದ್ರವರೂಪದಿಂದ ತಣ್ಣಗೆ ಚಿಮ್ಮಿದಾಗ ತೇವ ಹೀರಿ ನೆಲದುದ್ದಕ್ಕೂ ಹರಿಯುತ್ತದೆ. ಅದಕ್ಕೆ ನೀರೆಂದರೆ ಪ್ರೀತಿ, ಒದ್ದೆ ಟವೆಲ್ ಮುಖಕ್ಕೆ ಹಿಡಿದು ಜಾಗ ಬಿಡಬಹುದು. ಅಗ್ನಿಶಾಮಕದವರು ಅದರ ಮೋಡದ ಮೇಲೆ ತುಂತುರು ಹಾಯಿಸಬಹುದು, ಕೆಳಗೆ ನಿಂತ ದ್ರವಕ್ಕೆ ನೀರು ಬಿಟ್ಟರೆ ಮಾತ್ರ ಅದು ಇನ್ನಷ್ಟು ಕುದಿದೇಳುತ್ತದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ತಗ್ಗಿನಲ್ಲಿ, ಗಟಾರದಲ್ಲಿ ಕೂರುತ್ತದೆ, ಅಲ್ಲಿ ಎತ್ತರಕ್ಕೆ ಹೋದವನು ಬದುಕುತ್ತಾನೆ. ಸೋರುವ ಕ್ಲೋರಿನ್ ಸಿಲಿಂಡರಿಗೆ ನೀರು ಹೊಡೆದರೆ ಆಮ್ಲವಾಗಿ ತೂತು ದೊಡ್ಡದಾಗುತ್ತದೆ. ಅಡುಗೆ ಅನಿಲವೂ ತಗ್ಗು ಹುಡುಕುತ್ತದೆ, ಅಲ್ಲಿ ಹೆದರಬೇಕಾದದ್ದು ಲೈಟಿನ ಸ್ವಿಚ್ಚಿಗೆ. ಮೂರಕ್ಕೂ ಸಲ್ಲುವ ಮಾತು ಒಂದೇ: ಗಾಳಿ ಹೋಗುವ ಕಡೆ ಓಡಬೇಡಿ, ಅಡ್ಡಲಾಗಿ ಸರಿದು ಗಾಳಿ ಬರುವ ಕಡೆ ಹೋಗಿ.

ಈ ಮಾತು ಗೋಡೆಯ ಮೇಲೆ ಕನ್ನಡ, ಹಿಂದಿ, ಮರಾಠಿಯಲ್ಲಿ ಚಿತ್ರದ ಸಮೇತ ಇರಬೇಕು. ಹಿಂದಿ ಯಾಕೆ ಎಂದು ಯಾರಾದರೂ ಜಗಳ ತೆಗೆದರೆ 2023ರ ಡಿಸೆಂಬರ್ ನೆನಪಿಸಿ. ನಮ್ಮ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಲುಕಿ ಸತ್ತ ಏಳೂ ಮಂದಿ ಬಿಹಾರದವರು. ಅದು ಅನಿಲದ ಅವಘಡವಲ್ಲ, ಆದರೆ ಇಂಥ ಕಟ್ಟಡಗಳ ಒಳಗೆ ದುಡಿಯುವವರು ಯಾರು ಎಂಬುದು ಅಂದು ಊರಿಗೆಲ್ಲ ಗೊತ್ತಾಯಿತು.

ಇನ್ನು ಅಣಕು ಕಾರ್ಯಾಚರಣೆ. ಬೆಳಿಗ್ಗೆ 11 ಗಂಟೆಗೆ, ಶಾಮಿಯಾನ ಹಾಕಿ, ಫೋಟೊ ತೆಗೆದು, ಚಹಾ ಕುಡಿದು ಮುಗಿಸುವುದನ್ನು ನಾನು ನೋಡಿದ್ದೇನೆ. ವಿಶಾಖಪಟ್ಟಣದಲ್ಲಿ 2020ರ ಮೇ 7ರಂದು ಸ್ಟೈರೀನ್ ಎಂಬ ರಾಸಾಯನಿಕದ ಆವಿ ಸೋರಿದ್ದು ನಸುಕಿನ 3 ಗಂಟೆ ಸುಮಾರಿಗೆ, ಊರು ಮಲಗಿದ್ದಾಗ. ಕಾರ್ಖಾನೆಯ ಸೈರನ್ ಕೂಗಲೇ ಇಲ್ಲ. ಆದ್ದರಿಂದ ಒಮ್ಮೆಯಾದರೂ ರಾತ್ರಿ, ಮೊದಲೇ ಹೇಳದೆ ಮಾಡಿಸಿ. ಮುಖಕವಚದ ಕಪಾಟು ಎಷ್ಟು ನಿಮಿಷಕ್ಕೆ ತೆರೆಯುತ್ತದೆ, 112ಕ್ಕೆ ಕರೆ ಮಾಡುವವರು ಯಾರು, ಅಗ್ನಿಶಾಮಕ ವಾಹನ ಯಾವ ಗೇಟಿನಿಂದ ಬರುತ್ತದೆ, ಜಿಲ್ಲಾಸ್ಪತ್ರೆಯಲ್ಲಿ ಕಣ್ಣು ಸುಟ್ಟುಕೊಂಡು ಬಂದ 20 ಜನರನ್ನು ಎಲ್ಲಿ ಕೂರಿಸುತ್ತಾರೆ ಎಂಬುದೆಲ್ಲ ಆಗ ತಾನಾಗಿ ತಿಳಿಯುತ್ತದೆ.

ನಾನು ಅಂದು ನಿಂತಿದ್ದ ಸ್ಟೋರೇಜ್ ಹೆಸರನ್ನು ಇಲ್ಲಿ ಬರೆದಿಲ್ಲ. ಅವರೊಬ್ಬರೇ ಹೀಗೆ ಎಂದು ಮಿಕ್ಕವರು ನಿಟ್ಟುಸಿರು ಬಿಡುವುದು ನನಗೆ ಬೇಕಿಲ್ಲ. ತಪಾಸಣೆಗೆ ಎಲ್ಲ ಕಡೆಯೂ ಹೋಗಲಿ.

ಹೊಸ ಫಸಲಿನ ಒಣದ್ರಾಕ್ಷಿ ಮಾರ್ಚ್ ಹೊತ್ತಿಗೆ ಸ್ಟೋರೇಜ್ ಬಾಗಿಲಿಗೆ ಬರತೊಡಗುತ್ತದೆ. ಆಮೇಲೆ ಎರಡು ಮೂರು ತಿಂಗಳು ಆ ಅಂಗಳಗಳಲ್ಲಿ ರಾತ್ರಿಯೂ ಗಾಡಿ, ಜನ. ಅಷ್ಟರೊಳಗೆ ಒಂದು ರಾತ್ರಿ ಗೊತ್ತು ಮಾಡಿ. ಬೆಳೆಗಾರರ ಪರವಾಗಿ ಟೆಂಪೊ ಸಮೇತ ಬಂದು ಸಾಲಿನಲ್ಲಿ ನಿಲ್ಲಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ತಿಕೋಟಾ ತಾಲ್ಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರ